ಅರ್ಥವಾಗದಿದ್ದರೆ ‘ರೋಜರ್’ ಅನ್ನಬೇಡಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ವಿಮಾನ ಹಾರಿಸುವುದನ್ನು ಕಲಿಯಲು ಹೊರಟಿರುವ ಹುಡುಗ ಹುಡುಗಿಯರಿಗೆ ನಮಸ್ಕಾರ.

ನಿಮ್ಮಲ್ಲಿ ಕೆಲವರು ಈಗಾಗಲೇ ಮೈಸೂರಿನ ಮಂಡಕಳ್ಳಿಯಲ್ಲೋ, ಬೆಂಗಳೂರಿನ ಜಕ್ಕೂರಿನಲ್ಲೋ ತರಬೇತಿಗೆ ಸೇರಿಕೊಂಡಿದ್ದೀರಿ. ಇನ್ನು ಕೆಲವರು ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾತ್ಸ್ ಮುಗಿಸಿ, ಮೆಡಿಕಲ್ ಮಾಡಿಸಿಕೊಂಡು, ಡಿಜಿಸಿಎ ಪರೀಕ್ಷೆಗೆ ಓದುತ್ತಿದ್ದೀರಿ. ಎಷ್ಟೋ ಮನೆಗಳಲ್ಲಿ ಜಮೀನಿನ ಮೇಲೆ ಸಾಲ ತೆಗೆದು ಈ ಓದಿಗೆ ಹಾಕಿದ್ದಾರೆ. ನಾನೂ ಮಳವಳ್ಳಿ ತಾಲ್ಲೂಕಿನವನೇ. ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ದುಡಿದು ನಿವೃತ್ತನಾದವನು. ಟವರಿನಲ್ಲಿ ಕೂತು ಕಲಿಕೆಯ ಪೈಲಟ್‌ಗಳ ದನಿ ಕೇಳಿದವನು ಎಂಬ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಕಡೆಯವರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಮ್ಮ ಹುಡುಗ ಕನ್ನಡ ಮೀಡಿಯಂ, ಇಂಗ್ಲಿಷ್ ಅಷ್ಟಕ್ಕಷ್ಟೇ. ರೇಡಿಯೊದಲ್ಲಿ ಮಾತಾಡೋಕೆ ಆಗುತ್ತಾ ಸಾರ್?’ ಆಗುತ್ತದೆ. ರೇಡಿಯೊದಲ್ಲಿ ದಿನನಿತ್ಯ ಬಳಸುವ ಪದಗಳು ಬಹಳ ಕಡಿಮೆ, ವಾಕ್ಯಗಳ ಅಚ್ಚು ಅದಕ್ಕಿಂತ ಕಡಿಮೆ. ಇಂಗ್ಲಿಷ್ ಕಾದಂಬರಿ ಓದಲಾರದ ಹುಡುಗ ಅವನ್ನು ಕೆಲವೇ ತಿಂಗಳಲ್ಲಿ ಹಿಡಿತಕ್ಕೆ ತಂದುಕೊಳ್ಳಬಹುದು. ಡಿಜಿಸಿಎ ಕೇಳುವ ಇಂಗ್ಲಿಷ್ ಪ್ರಾವೀಣ್ಯ ನಾಲ್ಕನೇ ಮಟ್ಟದ್ದು. ಆ ಮಟ್ಟದಲ್ಲಿ ನಿಮ್ಮ ಊರಿನ ಉಚ್ಚಾರ ನಿಮ್ಮ ಮಾತಿನಲ್ಲಿ ಉಳಿದಿರಬಹುದು, ಎದುರಿನವರಿಗೆ ಅರ್ಥವಾಗುವಂತಿದ್ದರೆ ಸಾಕು. ನನ್ನ ಆತಂಕ ಇರುವುದು ನಿಮ್ಮ ಇಂಗ್ಲಿಷಿನ ಬಗ್ಗೆ ಅಲ್ಲ, ನಿಮ್ಮ ವಿನಯದ ಬಗ್ಗೆ.

ನಮ್ಮ ಕಡೆ ದೊಡ್ಡವರು ಏನಾದರೂ ಹೇಳಿದರೆ ‘ಹ್ಞೂಂ’ ಅನ್ನುವುದು ರೂಢಿ. ಮೇಷ್ಟ್ರು ‘ಅರ್ಥ ಆಯ್ತೇನ್ರೋ’ ಎಂದರೆ ಇಡೀ ತರಗತಿ ‘ಆಯ್ತು ಸಾರ್’ ಅನ್ನುತ್ತದೆ. ಆಗದವನೂ ಅನ್ನುತ್ತಾನೆ. ಇನ್ನೊಂದು ಸಲ ಕೇಳಿದರೆ ದಡ್ಡ ಅಂದುಕೊಂಡಾರು, ಅಥವಾ ಎದುರು ಮಾತಾಡಿದ ಹಾಗಾದೀತು ಎಂಬ ಅಳುಕು. ಮನೆಯಲ್ಲಿ, ಶಾಲೆಯಲ್ಲಿ ಇದರಿಂದ ದೊಡ್ಡ ನಷ್ಟವೇನೂ ಆಗದೇ ಇರಬಹುದು. ಇದೇ ಅಭ್ಯಾಸ ಹೆಡ್‌ಸೆಟ್ ಹಾಕಿಕೊಂಡಾಗಲೂ ಜೊತೆಗೆ ಬರುತ್ತದೆ. ಟವರಿನಿಂದ ಗತ್ತಿನ ದನಿಯೊಂದು ಬಡಬಡನೆ ನಾಲ್ಕು ಸೂಚನೆ ಕೊಡುತ್ತದೆ. ಎರಡು ಕಿವಿಗೆ ಬಿದ್ದಿರುತ್ತವೆ, ಎರಡು ಬಿದ್ದಿರುವುದಿಲ್ಲ. ಹುಡುಗ ಗುಂಡಿ ಒತ್ತಿ ‘ರೋಜರ್’ ಅನ್ನುತ್ತಾನೆ. ಅಪಾಯ ಅಲ್ಲಿಂದ ಶುರು.

1989ರ ಫೆಬ್ರವರಿ 19ರಂದು ಮಲೇಷ್ಯಾದ ಕ್ವಾಲಾಲಂಪುರದ ಹತ್ತಿರ ನಡೆದದ್ದನ್ನು ನೋಡಿ. ಸಿಂಗಪುರದಿಂದ ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನ, ಬೋಯಿಂಗ್ 747. 2,400 ಅಡಿಗೆ ಇಳಿಯಿರಿ ಎನ್ನಲು ಕಂಟ್ರೋಲರ್ ಹೇಳಿದ್ದು ‘ಡಿಸೆಂಡ್ ಟೂ ಫೋರ್ ಝೀರೋ ಝೀರೋ’ ಎಂದು. ಪೈಲಟ್ ಕಿವಿಗೆ ಆ ಮೊದಲ ‘ಟೂ’ ಅಂಕಿಯಾಗಿ ಕೇಳಲಿಲ್ಲ, ‘ಇಷ್ಟಕ್ಕೆ’ ಎನ್ನುವ ಅರ್ಥದ ‘ಟು’ ಆಗಿ ಕೇಳಿತು. ಅವರು ‘ಓಕೆ, ಫೋರ್ ಝೀರೋ ಝೀರೋ’ ಅಂದರು. ಅಂದರೆ 400 ಅಡಿ. ಕಂಟ್ರೋಲರ್ ಅದನ್ನು ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು. ಕಂಟ್ರೋಲರ್ ಅದನ್ನು ಕ್ರಮಬದ್ಧವಾಗಿ ‘ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್’ ಎಂದು ಬಿಡಿಸಿ ಹೇಳಿದ್ದರೆ ಗೊಂದಲಕ್ಕೆ ಜಾಗವೇ ಇರಲಿಲ್ಲ. ಗುಡ್ಡಗಳಿರುವ ಕಡೆ 400 ಅಡಿ ಎಂದಾಗ ಕಾಕ್‌ಪಿಟ್ಟಿನಲ್ಲಿ ಒಬ್ಬರಾದರೂ ‘ಸೇ ಅಗೇನ್’ ಎಂದಿದ್ದರೂ ಸಾಕಿತ್ತು. ಅಲ್ಲಿದ್ದವರು ಯಾರೂ ಹೊಸಬರಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ ನನ್ನ ಮೊದಲ ಬೇಡಿಕೆ ಇದು. ‘ರೋಜರ್’ ಎಂದರೆ ‘ನೀವು ಹೇಳಿದ್ದು ಪೂರ್ತಿ ಕೇಳಿಸಿತು’ ಎಂದಷ್ಟೇ. ಒಪ್ಪಿದೆ, ಮಾಡುತ್ತೇನೆ ಎನ್ನುವುದಕ್ಕೆ ‘ವಿಲ್ಕೋ’ ಇದೆ. ಹೌದು ಎನ್ನಲು ‘ಅಫರ್ಮ್’, ಇಲ್ಲ ಎನ್ನಲು ‘ನೆಗೆಟಿವ್’. ಇವುಗಳಲ್ಲಿ ಯಾವುದೂ ರೀಡ್‌ಬ್ಯಾಕಿನ ಜಾಗಕ್ಕೆ ಬರುವುದಿಲ್ಲ. ಯಾವ ರನ್‌ವೇ, ಇಳಿಯಲು ಏರಲು ದಾಟಲು ಕೊಟ್ಟ ಅನುಮತಿ, ರನ್‌ವೇ ಹೊರಗೇ ನಿಲ್ಲಿ ಎಂಬ ಸೂಚನೆ, ಎತ್ತರ, ಹೆಡ್ಡಿಂಗ್, ವೇಗ, ಆಲ್ಟಿಮೀಟರಿಗೆ ಹಾಕಬೇಕಾದ ಕ್ಯುಎನ್ಎಚ್, ಟ್ರಾನ್ಸ್‌ಪಾಂಡರ್ ಕೋಡ್, ದಾರಿಯ ಕ್ಲಿಯರೆನ್ಸ್ ಇವೆಲ್ಲವನ್ನೂ ಕೇಳಿದ ಹಾಗೇ ತಿರುಗಿ ಒಪ್ಪಿಸಬೇಕು. ಒಪ್ಪಿಸಲಾಗದಿದ್ದರೆ ನಿಮಗೆ ಅದು ಕೇಳಿಸಿಲ್ಲ ಎಂದೇ ಅರ್ಥ. ಆಗ ‘ಸೇ ಅಗೇನ್’ ಅನ್ನಿ. ಒಂದು ಭಾಗ ಮಾತ್ರ ತಪ್ಪಿದ್ದರೆ ಅದನ್ನಷ್ಟೇ ಕೇಳಿ, ‘ಸೇ ಅಗೇನ್ ಕ್ಯುಎನ್ಎಚ್’. ಮಾತು ಓಡುತ್ತಿದ್ದರೆ ‘ಸ್ಪೀಕ್ ಸ್ಲೋವರ್’ ಅನ್ನಿ, ಅದೂ ಪುಸ್ತಕದಲ್ಲಿರುವ ಮಾತೇ. ನಿಮಿಷಕ್ಕೆ 100 ಪದ ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ, ಅದು ಟವರಿಗೂ ಅನ್ವಯ. ಅಷ್ಟಾಗಿಯೂ ತಿಳಿಯದಿದ್ದರೆ ‘ಸ್ಟೂಡೆಂಟ್ ಪೈಲಟ್’ ಎಂದು ಹೇಳಿಕೊಳ್ಳಿ. ಟವರಿನಲ್ಲಿ ಕೂತವನಿಗೆ ಅದು ಬಹಳ ದೊಡ್ಡ ಮಾಹಿತಿ. ಮುಂದಿನ ಸೂಚನೆಯನ್ನು ಅವನು ಎರಡಾಗಿ ಒಡೆದು ಕೊಡುತ್ತಾನೆ, ನಿಮ್ಮ ಹಿಂದೆ ಬರುವ ಎಟಿಆರ್ ವಿಮಾನವನ್ನು ಸ್ವಲ್ಪ ದೂರ ಇಡುತ್ತಾನೆ.

ರೇಡಿಯೊ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಮೈಸೂರು ಸೀಮೆಗೆ ರೇಡಿಯೊ ಹೊಸದೇನಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ ನಾಡು ಇದು. ಈಗ ನಿಮ್ಮ ಮನೆಯಲ್ಲಿ ಮೈಸೂರು ಆಕಾಶವಾಣಿ 100.6 ಮೆಗಾಹರ್ಟ್ಸ್‌ನಲ್ಲಿ ಬರುತ್ತದಲ್ಲ, ಆ ಎಫ್ಎಂ ಪಟ್ಟಿ 108ಕ್ಕೆ ಮುಗಿಯುತ್ತದೆ. ಅಲ್ಲಿಂದ 118ರ ತನಕ ವಿಓಆರ್, ಐಎಲ್ಎಸ್‌ನಂಥ ದಾರಿ ತೋರುವ ಸಾಧನಗಳ ಜಾಗ. 118ರಿಂದ 136.975ರವರೆಗೆ ನೀವು ಮಾತಾಡುವ ಪಟ್ಟಿ. ನಮ್ಮಲ್ಲಿ ಒಂದು ಚಾನೆಲ್ಲಿಗೂ ಇನ್ನೊಂದಕ್ಕೂ ಸಾಮಾನ್ಯವಾಗಿ 25 ಕಿಲೊಹರ್ಟ್ಸ್ ಅಂತರ.

ಮನೆಯ ರೇಡಿಯೊ ಎಫ್ಎಂ, ವಿಮಾನದ್ದು ಎಎಂ. ಹಳೇ ಪದ್ಧತಿ ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ ಎಂದು ಕೇಳುವಿರಿ. ಎಫ್ಎಂನಲ್ಲಿ ಇಬ್ಬರು ಒಂದೇ ಸಲ ಮಾತಾಡಿದರೆ ಜೋರಾಗಿರುವುದು ಮಾತ್ರ ಕೇಳುತ್ತದೆ, ಕ್ಷೀಣವಾದದ್ದು ಇತ್ತೆಂಬ ಸುಳಿವೂ ಉಳಿಯದೆ ಮುಚ್ಚಿಹೋಗುತ್ತದೆ. ಎಎಂನಲ್ಲಿ ಎರಡೂ ಸೇರಿ ಕೀ ಎಂದು ಕಿರುಚುತ್ತವೆ. ಮಾತು ಕೆಟ್ಟರೂ ಇಬ್ಬರು ಮಾತಾಡಿದರೆಂಬುದು ಗೊತ್ತಾಗುತ್ತದೆ. ವಿ.ಸಿ. ನಾಲೆಯ ತೂಬಿನಲ್ಲಿ ಒಬ್ಬರ ಸರದಿ ಮುಗಿಯುವ ತನಕ ಮುಂದಿನ ಗದ್ದೆಯವರು ಕಾಯುತ್ತಾರಲ್ಲ, ಫ್ರೀಕ್ವೆನ್ಸಿಯ ನ್ಯಾಯವೂ ಅದೇ. ಮೊದಲು ಕೇಳಬೇಕು. ಯಾರಿಗಾದರೂ ಉತ್ತರ ಬರುವುದು ಬಾಕಿ ಇದೆಯೇ ಎಂದು ನೋಡಬೇಕು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡ ಮೇಲೆ ಗುಂಡಿ ಒತ್ತಿ, ಒಂದು ಕ್ಷಣ ಬಿಟ್ಟು ಮಾತು ಶುರುಮಾಡಬೇಕು. ಇಲ್ಲದಿದ್ದರೆ ನಿಮ್ಮ ಮೊದಲ ಅಕ್ಷರ ಕತ್ತರಿಸಿ ಹೋಗುತ್ತದೆ. ಮಾತು ಮುಗಿದ ಮೇಲೆ ಗುಂಡಿಯಿಂದ ಬೆರಳು ತೆಗೆದಿದ್ದೀರೋ ಇಲ್ಲವೋ ನೋಡಿಕೊಳ್ಳಿ. ಒಬ್ಬನ ಗುಂಡಿ ಸಿಕ್ಕಿಕೊಂಡರೆ ಆ ಚಾನೆಲ್ಲಿನ ಎಲ್ಲರೂ ಮೂಗರಾಗುತ್ತಾರೆ.

ಆ ಕಿರುಚು ಎಂಥದ್ದು ಎನ್ನುವುದಕ್ಕೆ 1977ರ ಮಾರ್ಚ್ 27ರ ಟೆನರಿಫ್ ದುರಂತಕ್ಕಿಂತ ಬೇರೆ ಉದಾಹರಣೆ ಬೇಡ. ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೊ ಜೆಟ್‌ಗಳು. ಕೆಎಲ್ಎಂ ವಿಮಾನ ಅನುಮತಿ ಇಲ್ಲದೆಯೇ ಓಟ ಶುರುಮಾಡಿತ್ತು. ‘ಟೇಕಾಫ್‌ನಲ್ಲಿದ್ದೇವೆ’ ಎಂದು ಅವರು ಹೇಳಿದ್ದಕ್ಕೆ ಟವರ್ ‘ಓಕೆ’ ಎಂದು, ಒಂದು ಗಳಿಗೆ ಬಿಟ್ಟು ‘ಟೇಕಾಫ್‌ಗೆ ಕಾದಿರಿ, ನಾನು ಕರೆಯುತ್ತೇನೆ’ ಎಂದು ಸೇರಿಸಿತು. ಅದೇ ಗಳಿಗೆಯಲ್ಲಿ ಪ್ಯಾನ್ ಆಮ್ ವಿಮಾನದವರು ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಎಂದರು. ಎರಡು ಮಾತೂ ಒಂದರ ಮೇಲೊಂದು ಬಿದ್ದು ಕೆಎಲ್ಎಂ ಕಾಕ್‌ಪಿಟ್ಟಿಗೆ ಸ್ಪಷ್ಟವಾಗಿ ತಲುಪಿದ್ದು ‘ಓಕೆ’ ಒಂದೇ. 583 ಜನ ಸತ್ತರು. ಆಮೇಲೆ ‘ಟೇಕಾಫ್’ ಎಂಬ ಪದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಬಿಟ್ಟರೆ ಬೇರೆಲ್ಲೂ ಬಳಸಬಾರದು ಎಂದಾಯಿತು. ಹಾಗಾಗಿಯೇ ನೀವು ಹೋಲ್ಡಿಂಗ್ ಪಾಯಿಂಟಿನಲ್ಲಿ ನಿಂತು ‘ರೆಡಿ ಫಾರ್ ಡಿಪಾರ್ಚರ್’ ಅನ್ನುತ್ತೀರಿ. ಪುಸ್ತಕದಲ್ಲಿ ಇದೆ ಎಂದು ಉರು ಹೊಡೆಯುವ ಈ ಮೂರು ಪದಗಳ ಹಿಂದೆ ಅಷ್ಟು ಸಾವುಗಳಿವೆ.

ನೀವು ಮಾತಾಡುವ ಪಟ್ಟಿಯ ವಿಎಚ್ಎಫ್ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ನೆಲದ ಬಾಗಿನ ಆಚೆಗೂ ಬೆಟ್ಟದ ಹಿಂದಕ್ಕೂ ಬಗ್ಗಿ ತಲುಪುವುದಿಲ್ಲ. ಅಡಿಗಳಲ್ಲಿರುವ ನಿಮ್ಮ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ರೇಡಿಯೊ ಎಷ್ಟು ನಾಟಿಕಲ್ ಮೈಲಿ ಮುಟ್ಟಬಹುದೆಂಬ ಅಂದಾಜು ಸಿಗುತ್ತದೆ. ನೆಲದಿಂದ 1,000 ಅಡಿ ಮೇಲಿದ್ದರೆ ಸುಮಾರು 39 ಮೈಲಿ, 500 ಅಡಿಯಲ್ಲಿದ್ದರೆ 27. ಮಂಡಕಳ್ಳಿಯಿಂದ ಮದ್ದೂರಿಗೆ ನೇರ ಗೆರೆ ಎಳೆದರೆ ಸುಮಾರು 31 ನಾಟಿಕಲ್ ಮೈಲಿ. ಅಂದರೆ ಮದ್ದೂರಿನ ಮೇಲೆ 500 ಅಡಿಯಲ್ಲಿ ಹಾರುತ್ತ ಮೈಸೂರು ಟವರನ್ನು ಎಷ್ಟು ಕರೆದರೂ ಉತ್ತರ ಬರದೇ ಇರಬಹುದು. ಇನ್ನೊಂದು ವಿಷಯ. ಮಂಡಕಳ್ಳಿಯಿಂದ ಮಂಡ್ಯದ ಕಡೆ ಹೊರಟರೆ ಎಡಕ್ಕೇ ಚಾಮುಂಡಿ ಬೆಟ್ಟ, ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್. ಕೆಳಮಟ್ಟದಲ್ಲಿ ಅದರ ಮರೆಗೆ ಸರಿದರೆ ದನಿ ತೆಳುವಾಗುತ್ತದೆ. ಆಗ ರೇಡಿಯೊ ಕೆಟ್ಟಿತೆಂದು ಗಾಬರಿ ಬೀಳಬೇಡಿ. ಅನುಮತಿ ಇರುವ ಎತ್ತರಕ್ಕೆ ಏರಿ, ಇಲ್ಲವೇ ಮರೆಯಿಂದ ಹೊರಗೆ ಬನ್ನಿ, ಮತ್ತೆ ಕರೆಯಿರಿ.

ಮೈಸೂರು ಟವರಿನ ಫ್ರೀಕ್ವೆನ್ಸಿ ಯಾವುದು, ಬೆಂಗಳೂರು ಅಪ್ರೋಚ್‌ನದು ಯಾವುದು ಎಂದು ಈ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಫ್ರೀಕ್ವೆನ್ಸಿಗಳ ಪಟ್ಟಿ ಸುತ್ತುತ್ತಿರುತ್ತದೆ, ಸೀನಿಯರ್‌ಗಳ ಜೆರಾಕ್ಸ್ ನೋಟ್ಸಿನಲ್ಲೂ ಇರುತ್ತದೆ. ಅದನ್ನು ನೆಚ್ಚಬೇಡಿ. ಈ ಸಂಖ್ಯೆಗಳ ಅಧಿಕೃತ ಜಾಗ ಏರ್‌ಪೋರ್ಟ್ಸ್ ಅಥಾರಿಟಿ ಪ್ರಕಟಿಸುವ ಎಐಪಿ. ಅದರ ತಿದ್ದುಪಡಿಗಳು 28 ದಿನಗಳ ಸುತ್ತಿನಲ್ಲಿ ಜಾರಿಗೆ ಬರುತ್ತವೆ, ಮಧ್ಯೆ ಏನಾದರೂ ಬದಲಾದರೆ ನೋಟಮ್ ಬರುತ್ತದೆ. ಹಾರುವ ದಿನ ಬೆಳಿಗ್ಗೆ ಅಲ್ಲಿ ನೋಡಿ, ಮೊಣಕಾಲಿಗೆ ಕಟ್ಟಿಕೊಂಡ ಪ್ಯಾಡಿನಲ್ಲಿ ಕೈಯಾರೆ ಬರೆದುಕೊಳ್ಳಿ. ಬಾಯಿಪಾಠ ಇರಲೇಬೇಕಾದ ಸಂಖ್ಯೆಗಳು ಕೆಲವೇ. ತುರ್ತಿಗೆ 121.5 ಮೆಗಾಹರ್ಟ್ಸ್. ಟ್ರಾನ್ಸ್‌ಪಾಂಡರಿನಲ್ಲಿ 7700 ತುರ್ತು, 7600 ರೇಡಿಯೊ ಕೆಟ್ಟಿದೆ, 7500 ಅಪಹರಣ. 123.45 ಎಂಬುದು ಸಾಗರದಂಥ ದೂರದ ಕಡೆ ಹಾರುವ ಪೈಲಟ್‌ಗಳು ತಮ್ಮತಮ್ಮಲ್ಲಿ ಮಾಹಿತಿ ಹಂಚಿಕೊಳ್ಳಲು ಇರುವ ಚಾನೆಲ್ಲು. ಅಲ್ಲಿ ಊರಿನ ಹುಡುಗರು ಸಿಕ್ಕರೆಂದು ಹರಟೆ ಬೇಡ.

ಇನ್ನು ಉಚ್ಚಾರ. ಮೂರನ್ನು ‘ಟ್ರೀ’, ನಾಲ್ಕನ್ನು ‘ಫೋವರ್’, ಐದನ್ನು ‘ಫೈಫ್’, ಒಂಬತ್ತನ್ನು ‘ನೈನರ್’ ಅನ್ನುವುದು ಯಾರದೋ ಖಯಾಲಿ ಅಲ್ಲ. ಗದ್ದಲದ ಚಾನೆಲ್ಲಿನಲ್ಲಿ ಫೈವ್, ನೈನ್ ಎರಡೂ ಒಂದೇ ಥರ ಕೇಳುತ್ತವೆ. ಇವನ್ನು ಎಲ್ಲ ಶಾಲೆಗಳೂ ಕಲಿಸುತ್ತವೆ. ಯಾರೂ ಹೇಳಿಕೊಡದ ಒಂದು ತೊಡಕು ನಮ್ಮ ಮಂಡ್ಯದ ನಾಲಿಗೆಯದು. ನಮ್ಮ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹೋಗು’ ‘ಓಗು’ ಆಗುತ್ತದೆ. ನನಗೆ ಆ ಮಾತು ಪ್ರಾಣ. ಆದರೆ ರೇಡಿಯೊದಲ್ಲಿ ‘ಹೋಲ್ಡ್ ಶಾರ್ಟ್’ ಎನ್ನುವುದು ‘ಓಲ್ಡ್ ಶಾರ್ಟ್’ ಆದರೆ, ‘ಹೆಡ್ಡಿಂಗ್’ ಎನ್ನುವುದು ‘ಎಡ್ಡಿಂಗ್’ ಆದರೆ ತಮಿಳುನಾಡಿನಿಂದಲೋ ಪಂಜಾಬಿನಿಂದಲೋ ಬಂದ ಕಂಟ್ರೋಲರಿಗೆ ಒಂದು ಕ್ಷಣ ಗೊಂದಲವಾಗುತ್ತದೆ. ಕೊನೆಗೆ ಉಕಾರ ಸೇರಿಸುವುದು ಇನ್ನೊಂದು. ಲೆಫ್ಟು, ರೈಟು, ಡೌನ್‌ವಿಂಡು. ಇದರಿಂದ ಅರ್ಥ ಕೆಡುವುದು ಕಡಿಮೆ, ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹಕಾರವನ್ನು ಮಾತ್ರ ತಿದ್ದಿಕೊಳ್ಳಿ. ‘ಹೋಟೆಲ್’, ‘ಹೋಲ್ಡ್’, ‘ಹೆಡ್ಡಿಂಗ್’, ‘ಹಂಡ್ರೆಡ್’ ಈ ನಾಲ್ಕನ್ನು ಉಸಿರು ಒತ್ತಿ ಹೇಳುವ ಅಭ್ಯಾಸವಾದರೆ ಮುಕ್ಕಾಲು ಕೆಲಸ ಆಯಿತು. ವಿಕ್ಟರ್, ವಿಸ್ಕಿ ಎರಡರ ಶುರುವನ್ನೂ ನಾವು ಒಂದೇ ‘ವಿ’ ಮಾಡುತ್ತೇವೆ. ಪದ ಪೂರ್ತಿ ಹೇಳಿದರೆ ತೊಂದರೆಯಿಲ್ಲ, ನುಂಗಬೇಡಿ. ಅಮೆರಿಕದವರ ಹಾಗೆ ರಾಗ ಎಳೆಯಲು ಮಾತ್ರ ಹೋಗಬೇಡಿ. ಕೆಲವು ಕೋಚಿಂಗ್‌ಗಳಲ್ಲಿ ಅದನ್ನೂ ದುಡ್ಡು ತೆಗೆದುಕೊಂಡು ಕಲಿಸುತ್ತಾರೆ. ಅದರಿಂದ ಒಂದು ಅಕ್ಷರವೂ ಸ್ಪಷ್ಟವಾಗುವುದಿಲ್ಲ.

ಕನ್ನಡದಲ್ಲೇ ಮಾತಾಡಿದರೆ ಏನಾಗುತ್ತದೆ, ಟವರಿನಲ್ಲಿ ಕನ್ನಡದವರೇ ಇದ್ದರೆ? ಹಲವರು ಕೇಳಿದ್ದಾರೆ. ಚಾನೆಲ್ಲಿನಲ್ಲಿ ನೀವಿಬ್ಬರೇ ಇರುವುದಿಲ್ಲ. ನಿಮ್ಮ ಹಿಂದೆ ಇಳಿಯಲು ಬರುತ್ತಿರುವ ವಿಮಾನದ ಪೈಲಟ್ ನಿಮ್ಮ ಮಾತು ಕೇಳಿಯೇ ನೀವೆಲ್ಲಿದ್ದೀರಿ ಎಂದು ಮನಸ್ಸಿನಲ್ಲಿ ಚಿತ್ರ ಬರೆದುಕೊಳ್ಳುತ್ತಾನೆ. ಆ ಚಿತ್ರದಿಂದ ನೀವು ಅಳಿಸಿಹೋಗಬಾರದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ವಿಮಾನವೂ ಕಜಕಸ್ತಾನದ ವಿಮಾನವೂ ಡಿಕ್ಕಿಯಾಗಿ 349 ಜನ ಸತ್ತದ್ದು, ಕಜಕ್ ವಿಮಾನ ತನಗೆ ಕೊಟ್ಟ 15,000 ಅಡಿಗಿಂತ ಕೆಳಗಿಳಿದದ್ದರಿಂದ. ಅದರಲ್ಲಿ ಇಂಗ್ಲಿಷಿನಲ್ಲಿ ಟವರಿನೊಂದಿಗೆ ಮಾತಾಡುವ ಹೊಣೆ ಪೈಲಟ್‌ಗಳದ್ದಲ್ಲ, ರೇಡಿಯೊ ಆಪರೇಟರನದ್ದು. ವಿಮಾನ ನಡೆಸುವವರ ಕಿವಿಗೆ ಆ ಭಾಷೆ ನೇರ ತಲುಪುತ್ತಿರಲಿಲ್ಲ. ಭಾಷಾ ಪ್ರಾವೀಣ್ಯದ ಮಟ್ಟಗಳನ್ನು ಜಗತ್ತಿನಾದ್ಯಂತ ಕಡ್ಡಾಯ ಮಾಡುವುದಕ್ಕೆ ಕಾರಣವಾದ ಅಪಘಾತಗಳಲ್ಲಿ ಅದೂ ಒಂದು.

ಈಗ ಅಭ್ಯಾಸಕ್ಕೆ ಬರೋಣ. ನಿಮಗಾಗಿ ಒಂದು ಸುತ್ತು ಹಾಕಿದ್ದೇನೆ. ಮೈಸೂರಿನಿಂದ ಮಂಡ್ಯ ಸುಮಾರು 23 ನಾಟಿಕಲ್ ಮೈಲಿ, ಮಂಡ್ಯದಿಂದ ಮದ್ದೂರು 9, ಮದ್ದೂರಿನಿಂದ ಬಹುಮಟ್ಟಿಗೆ ನೇರ ದಕ್ಷಿಣಕ್ಕೆ ಮಳವಳ್ಳಿ 12, ಅಲ್ಲಿಂದ ಮಂಡಕಳ್ಳಿಗೆ ವಾಪಸ್ಸು 25. ಗಾಳಿಯಿಲ್ಲದ ದಿನ 100 ನಾಟ್ ವೇಗದಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ನಿಜವಾಗಿ ಹಾರಲು ಫ್ಲೈಟ್ ಪ್ಲಾನ್, ಏರ್ ಡಿಫೆನ್ಸ್ ಕ್ಲಿಯರೆನ್ಸ್ ಎಲ್ಲ ಬೇಕು, ಬೋಧಕರ ಒಪ್ಪಿಗೆ ಬೇಕು. ಮನೆಯ ಕುರ್ಚಿಯ ಮೇಲೆ ಕೂತು ಹಾರಲು ಯಾವುದೂ ಬೇಡ. ಈ ದಾರಿ ನಿಮಗೆ ನೆಲದ ಮೇಲಿಂದ ಗೊತ್ತಿರುವುದೇ. ಮಂಡ್ಯಕ್ಕೆ ರೈಲು ಹಳಿ, ಹೆದ್ದಾರಿ, ಸಕ್ಕರೆ ಕಾರ್ಖಾನೆ. ಮದ್ದೂರಿಗೆ ಶಿಂಷಾ ನದಿಯ ಬಾಗು ಮತ್ತು ಕೆರೆ. ಮಳವಳ್ಳಿ ಬಂತೆನ್ನುವುದಕ್ಕೆ ದಕ್ಷಿಣದಲ್ಲಿ ಕಾವೇರಿ ಶಿವನಸಮುದ್ರದ ಬಳಿ ಎರಡಾಗಿ ಒಡೆಯುವ ಜಾಗ ಸಾಕ್ಷಿ.

ಬೆಳಿಗ್ಗೆ ಎಂಟು ಗಂಟೆಗೆ ಹೊರಟಿರಿ ಎಂದುಕೊಳ್ಳಿ. ರೇಡಿಯೊದಲ್ಲಿ ಎಂಟು ಗಂಟೆ ಇಲ್ಲ, ಯುಟಿಸಿ ಮಾತ್ರ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಿರಿ, 0230. ಮಂಡ್ಯದ ಮೇಲೆ 44ನೇ ನಿಮಿಷ, ಮದ್ದೂರು 50, ಮಳವಳ್ಳಿ 57, ಮೈಸೂರು 0312. ನಿಮ್ಮ ವಿಮಾನಕ್ಕೆ ಒಂದು ಕಾಲ್ಪನಿಕ ನೋಂದಣಿ ಇಟ್ಟುಕೊಳ್ಳೋಣ, ವಿಕ್ಟರ್ ಟ್ಯಾಂಗೊ ಮೈಕ್ ಡೆಲ್ಟಾ ಯಾಂಕಿ. ಮೊದಲ ಕರೆಯಲ್ಲಿ ಯಾರನ್ನು ಕರೆಯುತ್ತೀರೋ ಅವರ ಹೆಸರು ಮೊದಲು, ನಿಮ್ಮದು ಆಮೇಲೆ. ನೋಂದಣಿಯನ್ನು ಟವರ್ ತಾನಾಗಿ ಚಿಕ್ಕದು ಮಾಡುವ ತನಕ ನೀವು ಚಿಕ್ಕದು ಮಾಡಬಾರದು. ಮಂಡ್ಯದ ಮೇಲಿನ ವರದಿ ಇಷ್ಟೇ: ‘ಮೈಸೂರು ಟವರ್, ವಿಕ್ಟರ್ ಟ್ಯಾಂಗೊ ಮೈಕ್ ಡೆಲ್ಟಾ ಯಾಂಕಿ, ಮಂಡ್ಯ ಫೋವರ್ ಫೋವರ್, ಫೈಫ್ ಟೌಸಂಡ್ ಫೈಫ್ ಹಂಡ್ರೆಡ್ ಫೀಟ್, ಮದ್ದೂರು ಫೈಫ್ ಝೀರೋ.’ ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಎತ್ತರದಲ್ಲಿ, ಮುಂದೆ ಎಲ್ಲಿಗೆ ಎಷ್ಟಕ್ಕೆ. ‘ಗುಡ್ ಮಾರ್ನಿಂಗ್ ಸಾರ್’ ಬೇಡ, ‘ಪ್ಲೀಸ್’ ಬೇಡ. ಚಿಕ್ಕದಾಗಿ ಹೇಳಿ ಚಾನೆಲ್ ಬಿಟ್ಟುಕೊಡುವುದೇ ಅಲ್ಲಿ ಮರ್ಯಾದೆ. ಎಲ್ಲಿಂದಾಚೆಗೆ ಮೈಸೂರನ್ನು ಬಿಟ್ಟು ಯಾವ ಘಟಕದೊಂದಿಗೆ ಮಾತಾಡಬೇಕೆಂಬುದನ್ನು ಚಾರ್ಟ್ ಹರಡಿಕೊಂಡು ಬೋಧಕರಿಂದ ತಿಳಿದುಕೊಳ್ಳಿ.

ಟವರಿನ ಮಾತುಗಳನ್ನು ಒಂದು ಹಾಳೆಯಲ್ಲಿ ಕನ್ನಡ ಲಿಪಿಯಲ್ಲೇ ಬರೆದು ನಿಮ್ಮ ಅವ್ವನ ಕೈಗೋ ತಂಗಿಯ ಕೈಗೋ ಕೊಡಿ. ಅವರು ಓದಲಿ, ನೀವು ರೀಡ್‌ಬ್ಯಾಕ್ ಮಾಡಿ. ನಡುನಡುವೆ ಅವರು ಬೇಕೆಂದೇ ಕ್ಯುಎನ್ಎಚ್ ಅಂಕಿಯನ್ನು ಗೊಣಗಿ ಹೇಳಲಿ. ಆಗ ನೀವು ಊಹಿಸುತ್ತೀರೋ, ‘ಸೇ ಅಗೇನ್’ ಅನ್ನುತ್ತೀರೋ ನೋಡಿಕೊಳ್ಳಿ. ಊಹಿಸಿದ ದಿನ ಆ ಸುತ್ತನ್ನು ಮತ್ತೆ ಮೊದಲಿನಿಂದ ಹಾರಿ. ವಿಮಾನದ ಒಂದೊಂದು ಗಂಟೆಗೂ ನೀವು ಕಟ್ಟುವ ದುಡ್ಡು ನೋಡಿದರೆ, ಮನೆಯಲ್ಲಿ ಕಲಿಯಬಹುದಾದ್ದನ್ನು ಗಾಳಿಯಲ್ಲಿ ಕಲಿಯುವುದು ಅನ್ಯಾಯ. ನಿಜವಾದ ಮೈಕಿನ ರೂಢಿ ಬೇಕೆಂದರೆ ಹ್ಯಾಮ್ ರೇಡಿಯೊ ಲೈಸೆನ್ಸ್ ತೆಗೆದುಕೊಳ್ಳಿ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಅದರ ಪಟ್ಟಿ ಬೇರೆ, ಪದ್ಧತಿ ಸ್ವಲ್ಪ ಬೇರೆ, ಆದರೆ ಕಾದು ಮಾತಾಡುವುದು, ಫೊನೆಟಿಕ್ ಅಕ್ಷರ, ಗದ್ದಲದಲ್ಲಿ ಕೇಳಿಸಿಕೊಳ್ಳುವ ಕಿವಿ ಎಲ್ಲ ಅಲ್ಲಿ ಬರುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ವಾಕಿಟಾಕಿ ತಂದು ವಿಮಾನದ ಪಟ್ಟಿಯಲ್ಲಿ ಗುಂಡಿ ಒತ್ತುವ ಕೆಲಸಕ್ಕೆ ಮಾತ್ರ ಯಾವತ್ತೂ ಇಳಿಯಬೇಡಿ. ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಇಳಿಯುತ್ತಿರುವ ಯಾರದೋ ಪ್ರಾಣ.

ಪರೀಕ್ಷೆಯ ಬಗ್ಗೆ ಎರಡೇ ಮಾತು. ವಿಮಾನದ ರೇಡಿಯೊದಲ್ಲಿ ಮಾತಾಡಲು ಬೇಕಾದ ಆರ್‌ಟಿಆರ್ ಪರೀಕ್ಷೆಯನ್ನು ಬಹಳ ಕಾಲ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ನಡೆಸುತ್ತಿತ್ತು. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಆ ಅಧಿಕಾರವನ್ನು ಡಿಜಿಸಿಎಗೆ ಕೊಟ್ಟಿದೆ. ಹಾಗಾಗಿ ಹಳೇ ನೋಟ್ಸಿನಲ್ಲಿರುವ ಅರ್ಜಿಯ ವಿಧಾನ ನಂಬದೆ ಡಿಜಿಸಿಎ ಸುತ್ತೋಲೆ ನೋಡಿ. ಎರಡನೆಯ ಮಾತು, ಕಂಠಪಾಠದ ಸಂಭಾಷಣೆಗಳನ್ನು ಒಪ್ಪಿಸಿ ಪಾಸಾದವರು ಮೊದಲ ಸೋಲೋ ದಿನ, ಪಾಠದಲ್ಲಿಲ್ಲದ ಒಂದು ಸೂಚನೆ ಬಂದಾಗ ಮೌನವಾಗಿಬಿಡುತ್ತಾರೆ.

ರೇಡಿಯೊ ನಿಜವಾಗಿಯೇ ಕೈಕೊಟ್ಟರೆ ಮೊದಲು ವಿಮಾನ ಹಾರಿಸಿ. ಆಮೇಲೆ ಹೆಡ್‌ಸೆಟ್ಟಿನ ಜ್ಯಾಕ್ ಸಡಿಲವಾಗಿದೆಯೇ, ವಾಲ್ಯೂಮ್ ಇಳಿದಿದೆಯೇ, ಸ್ಕ್ವೆಲ್ಚ್ ಹೇಗಿದೆ, ಅಂಕಿ ಸರಿಯಿದೆಯೇ ನೋಡಿ. ಹಿಂದಿನ ಫ್ರೀಕ್ವೆನ್ಸಿಗೆ ಹೋಗಿ, ಎರಡನೇ ಸೆಟ್ ಇದ್ದರೆ ಹಾಕಿ. ಇಷ್ಟಕ್ಕೂ ಆಗದಿದ್ದರೆ 7600 ಹಾಕಿ, ‘ಟ್ರಾನ್ಸ್‌ಮಿಟಿಂಗ್ ಬ್ಲೈಂಡ್’ ಎಂದು ನಿಮ್ಮ ಉದ್ದೇಶ ಹೇಳುತ್ತಲೇ ಇರಿ. ನಿಮಗೆ ಕೇಳದಿದ್ದರೂ ಅವರಿಗೆ ಕೇಳುತ್ತಿರಬಹುದು. ಕಣ್ಣಿಗೆ ನೆಲ ಕಾಣುವ ಹವೆಯಲ್ಲೇ ಉಳಿದು ಹತ್ತಿರದ ಸೂಕ್ತ ನಿಲ್ದಾಣಕ್ಕೆ ಬನ್ನಿ, ಟವರಿನಿಂದ ದೀಪ ನೋಡಿ. ನಿಂತ ಹಸಿರು, ಇಳಿಯಬಹುದು. ನಿಂತ ಕೆಂಪು, ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ. ಮಿನುಗುವ ಹಸಿರು, ಇಳಿಯಲು ವಾಪಸ್ಸು ಬನ್ನಿ. ಮಿನುಗುವ ಕೆಂಪು, ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ. ಹಗಲಲ್ಲಿ ರೆಕ್ಕೆ ಅಲುಗಿಸಿದರೆ ನೀವು ನೋಡಿದಿರೆಂದು ಟವರಿಗೆ ತಿಳಿಯುತ್ತದೆ. ಇಳಿದ ಮೇಲೆ ಟವರಿಗೆ ಸುದ್ದಿ ಮುಟ್ಟಿಸುವುದನ್ನು ಮರೆಯಬೇಡಿ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು 1990ರ ಜನವರಿ 25ರ ಅವಿಯಾಂಕಾ 52. ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಹೊರಟಿದ್ದ ಬೋಯಿಂಗ್ 707. ಹವೆ ಕೆಟ್ಟು, ಗಂಟೆಗೂ ಹೆಚ್ಚು ಕಾಲ ಗಾಳಿಯಲ್ಲಿ ಸುತ್ತಿಸಿ ಕಾಯಿಸಿದರು. ಇಂಧನ ಮುಗಿಯುತ್ತಿತ್ತು. ಪೈಲಟ್‌ಗಳು ‘ಆದ್ಯತೆ ಬೇಕು’ ಅಂದರು, ‘ಇಂಧನ ಕಡಿಮೆಯಾಗುತ್ತಿದೆ’ ಅಂದರು. ‘ಮೇಡೇ’ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ, ‘ಎಮರ್ಜೆನ್ಸಿ’ ಎಂಬ ಪದವೂ ಟವರಿಗೆ ಹೋಗಲಿಲ್ಲ. ಆ ರಾತ್ರಿ ಹತ್ತಾರು ವಿಮಾನಗಳನ್ನು ನಿಭಾಯಿಸುತ್ತಿದ್ದ ಕಂಟ್ರೋಲರ್‌ಗಳಿಗೆ ಅವರ ಸಂಕಟದ ಆಳ ತಿಳಿಯಲೇ ಇಲ್ಲ. ಮೊದಲ ಸಲ ಇಳಿಯಲಾಗದೆ ಮತ್ತೆ ಸುತ್ತು ಹೊಡೆಯುವಾಗ ಎಂಜಿನ್‌ಗಳು ಒಂದೊಂದಾಗಿ ನಿಂತವು. 158 ಜನರಲ್ಲಿ 73 ಜನ ಸತ್ತರು. ಟವರಿನಲ್ಲಿ ಕೂತವನಾಗಿ ಹೇಳುತ್ತೇನೆ, ನಿಮ್ಮ ದನಿಯ ನಡುಕದಿಂದ ನಿಮ್ಮ ಕಷ್ಟ ಅಳೆಯುವ ಸಾಧನ ನಮ್ಮ ಬಳಿ ಇಲ್ಲ. ನಮಗೆ ಪದ ಬೇಕು. ಎಂಜಿನ್ ನಿಂತರೆ ‘ಮೇಡೇ’ ಮೂರು ಸಲ, ಯಾರನ್ನು ಕರೆಯುತ್ತೀರಿ, ನೀವು ಯಾರು, ಏನಾಗಿದೆ, ಏನು ಮಾಡಲಿದ್ದೀರಿ, ಎಲ್ಲಿದ್ದೀರಿ, ಎಷ್ಟು ಎತ್ತರ, ಯಾವ ದಿಕ್ಕು, ಒಳಗೆ ಎಷ್ಟು ಜನ. ಪ್ರಾಣಾಪಾಯ ಇನ್ನೂ ಬಂದಿಲ್ಲ, ಆದರೆ ದಾರಿ ತಪ್ಪಿದೆ, ಇಂಧನದ ಲೆಕ್ಕ ಕೂಡುತ್ತಿಲ್ಲ, ಜೊತೆಯವರಿಗೆ ಹುಷಾರಿಲ್ಲ ಎಂದಾದರೆ ‘ಪ್ಯಾನ್ ಪ್ಯಾನ್’ ಮೂರು ಸಲ. ಮಾತಾಡುತ್ತಿರುವ ಚಾನೆಲ್ಲಿನಲ್ಲೇ ಹೇಳಿ, ಅಲ್ಲಿ ಯಾರೂ ಸಿಗದಿದ್ದರೆ 121.5. ಆಮೇಲೆ ಅದು ಅಷ್ಟೇನೂ ದೊಡ್ಡ ತೊಂದರೆ ಅಲ್ಲವೆಂದು ಗೊತ್ತಾದರೆ ರದ್ದು ಮಾಡಿದರಾಯಿತು. ಬೇಗ ಹೇಳಿದ ಕಲಿಕೆಯ ಪೈಲಟ್‌ನನ್ನು ತಿಳಿದ ಕಂಟ್ರೋಲರ್ ಯಾರೂ ಹೀಗಳೆಯುವುದಿಲ್ಲ.

ಕೊನೆಯದಾಗಿ ನಿಮ್ಮ ಬೋಧಕರಿಗೂ ಮನೆಯವರಿಗೂ ಈ ಪತ್ರ ತೋರಿಸಿ. ಬೋಧಕರಲ್ಲಿ ನನ್ನ ಕೋರಿಕೆ: ಮೊದಲ ಹಾರಾಟದಿಂದಲೇ ಮೈಕನ್ನು ಹುಡುಗರ ಕೈಗೆ ಕೊಡಿ. ಸಮಯ ಉಳಿಯುತ್ತದೆಂದು ನೀವೇ ಮಾತಾಡಿಬಿಟ್ಟರೆ ಸೋಲೋ ದಿನ ಅವರು ಮೊದಲ ಸಲ ಮಾತಾಡಿದಂತಾಗುತ್ತದೆ. ‘ಸೇ ಅಗೇನ್’ ಎಂದವರನ್ನು ಬ್ರೀಫಿಂಗ್ ಕೋಣೆಯಲ್ಲಿ ನಾಲ್ಕು ಜನರ ಮುಂದೆ ಆಡಿಕೊಳ್ಳಬೇಡಿ, ಆಡಿಕೊಳ್ಳಲು ಬಿಡಬೇಡಿ. ಅರ್ಥವಾಗದೆ ‘ರೋಜರ್’ ಎಂದವರನ್ನು ಮಾತ್ರ ಅವತ್ತೇ ಕೂರಿಸಿಕೊಂಡು ಕೇಳಿ. ಮನೆಯವರಲ್ಲಿ ಕೋರಿಕೆ: ಹಾಳೆ ಹಿಡಿದು ಟವರ್ ಆಗಿ ಓದುವ ಕೆಲಸವನ್ನು ಬೇಸರಪಡದೆ ಮಾಡಿ. ಮಕ್ಕಳು ಕನ್ನಡದಲ್ಲೇ ಎಲ್ಲಾದರೂ ‘ಇನ್ನೊಂದ್ಸಲ ಹೇಳಿ’ ಎಂದರೆ ಗದರದೆ ಇನ್ನೊಂದು ಸಲ ಹೇಳಿ.

ಇಂತಿ,
ಮಳವಳ್ಳಿ ತಾಲ್ಲೂಕಿನ ಒಬ್ಬ ನಿವೃತ್ತ ಕಂಟ್ರೋಲರ್